ಫ್ಲಮೆಂಕೊ ಗಿಟಾರ್ ಕಲಿಯಾಕ ಯಾವ ಪುಸ್ತಕ? ರಾಯಚೂರು ಮನಿ ಗುಂಪಿನ್ಯಾಗಿನ ಮಾತು

ಮಂಜಣ್ಣ: ಪಲ್ಲವಿ, ಡ್ರೈವ್ ಲಿಂಕ್ ಹಾಕೀನಿ ನೋಡು. ನೀ ಕಲೀಬೇಕಂದ ಫ್ಲಮೆಂಕೊ, ಅದೇ ಸ್ಪೇನ್ ದೇಶದ ಸಂಗೀತ, ಅದರ ಟ್ಯಾಬ್ (ಯಾವ ತಂತಿ ಎಲ್ಲಿ ಒತ್ತಬೇಕು ಅಂತ ತೋರಿಸೋ ಬರಹ) ಪಿಡಿಎಫ್ ರಾಶಿ ಅವ. ಸ್ಪೇನಿನ ಗಿಟಾರ್ ವಾದಕ ಪಾಕೊ ದೆ ಲುಸಿಯಾನ ‘ಎಂತ್ರೆ ದೋಸ್ ಆಗ್ವಾಸ್’ ಸೈತ ಅದ. ರಾಯಚೂರಾಗ ಮಾಸ್ತರು ಸಿಗಲಿಲ್ಲ ಅಂದಿದ್ದಿ, ಇನ್ನ ಚಿಂತಿ ಬ್ಯಾಡ.

ಪಲ್ಲವಿ: ಥ್ಯಾಂಕ್ಸ್ ಅಣ್ಣಾ 🙏 ಯಾವುದರಿಂದ ಶುರು ಮಾಡ್ಲಿ?

ಗೀತಕ್ಕ: ಈಗ ಯಾವುದನ್ನೂ ತಗೀಬ್ಯಾಡ. ಮಂಜಾ, ಎಲ್ಲಾ ತಗದು ನೋಡೀನಿ, ಒಂದಕ್ಕೂ ಆಡಿಯೋ ಇಲ್ಲ. ಆರು ಗೆರಿ ಟ್ಯಾಬ್ ತಂತಿ, ಫ್ರೆಟ್ ತೋರಿಸ್ತದ. ಒತ್ತು ಎಲ್ಲಿ ಬೀಳಬೇಕು, ರಸ್ಗೆಯಾದೊ ಅನ್ನೋ ಬಲಗೈ ಬೀಸಿನ್ಯಾಗ ಬೆರಳು ಒಂದರ ಹಿಂದ ಒಂದು ಹೆಂಗ ಬಿಚ್ಚಬೇಕು, ಅದನ್ನ ಕೇಳೇ ಕಲೀಬೇಕು.

ಮಂಜಣ್ಣ: ಯೂಟ್ಯೂಬ್ ಅದ ಅಲ್ಲ, ಕೇಳ್ತಾಳ. ರೊಕ್ಕ ಯಾಕ ಸುರೀಬೇಕು?

ಗೀತಕ್ಕ: ಅಲ್ಲಿ ನುಡಿಸೋರು ಒಬ್ಬರು, ಟ್ಯಾಬ್ ಬರದೋರು ಇನ್ನೊಬ್ಬರು. ಎರಡೂ ತಾಳೆ ಆಗಲ್ಲ. ಹ್ವಾನ್ ಮಾರ್ತಿನ್ ಅವರ 1978ರ ‘ಎಲ್ ಆರ್ತೆ ಫ್ಲಮೆಂಕೊ ದೆ ಲಾ ಗಿತಾರ್ರಾ’ದಾಗ ನೊಟೇಶನ್, ಟ್ಯಾಬ್ ಎರಡೂ ಅವ, ಜತಿಗೆ ರೆಕಾರ್ಡಿಂಗ್. ಹಳೇದು ತಗೊಂಡ್ರ ರೆಕಾರ್ಡಿಂಗ್ ಅದನೋ ಇಲ್ಲೋ ಕೇಳೇ ತಗೋ ಪಲ್ಲವಿ. ಬಲಗೈ ಕೆಲಸ ಇನ್ನೂ ಬಿಡಿಸಿ ಬೇಕು ಅಂದ್ರ ಗ್ರಾಫ್-ಮಾರ್ಟಿನೆಜ್ ಅವರ ಎರಡು ಭಾಗದ ಪುಸ್ತಕ ಅದ. ಎರಡರಾಗ ಒಂದನ್ನ ಹಿಡಿ.

ಕಾಕಾ: ಪುಸ್ತಕ ಆಮ್ಯಾಲ. ತಾಳ ಯಾವುದವ್ವಾ ಅದು?

ಗೀತಕ್ಕ: ‘ಕಂಪಾಸ್’ ಅಂತಾರ ಕಾಕಾ. ಸೊಲೆಆ ಅಂತ ಫ್ಲಮೆಂಕೊದ ಒಂದು ಬಗಿ ಅದ, ಅದಕ್ಕ 12 ಎಣಿಕಿ. ದಪ್ಪ ಅಕ್ಷರಕ್ಕ ಒತ್ತು:
ಒಂದು ಎರಡು *ಮೂರು* ನಾಕು ಐದು *ಆರು* ಏಳು *ಎಂಟು* ಒಂಬತ್ತು *ಹತ್ತು* ಹನ್ನೊಂದು *ಹನ್ನೆರಡು*

ಕಾಕಾ: ಚಪ್ಪಾಳಿ ಹಾಕಿ ನೋಡಿದೆ. ನಮ್ಮ ಹಿಂದುಸ್ತಾನಿ ಏಕತಾಲಕ್ಕೂ 12 ಮಾತ್ರೆ, ಆದ್ರ ಸಮ್, ಅಂದ್ರ ಮುಖ್ಯ ಒತ್ತು, ಒಂದಕ್ಕ. ಇಲ್ಲಿ ಮೊದಲು ಮೂರು ಮೂರು, ಆರು ದಾಟಿದ ಮ್ಯಾಲ ಎರಡೆರಡು. ನಡಿಗಿನ ಬದಲಾಗ್ತದ! ಇದು ಹಾಳಿ ನೋಡಿ ಬರೂದಲ್ಲ. ಗೀತಾ ಹೇಳಿದ್ದು ಖರೆ. ಸ್ವರ ಮಾತ್ರ ಭೈರವಿ ಥಾಟಿನಂಗ ಕೇಳಿಸ್ತು.

ಗೀತಕ್ಕ: ಹೌದ್ರಿ ಕಾಕಾ, ಸ್ವರ ಅವೇ. ಆದ್ರ ಇಳದು ಬಂದು ನಿಲ್ಲೋ ಕಾರ್ಡಿನ್ಯಾಗ (ಕೂಡಿಸಿ ನುಡಿಸೋ ಸ್ವರಗುಚ್ಛ) ಕೋಮಲ ಗಂಧಾರ ಬಿಟ್ಟು ಶುದ್ಧ ಗಂಧಾರ ಹಿಡೀತಾರ. ಅಲ್ಲೇ ಅದರ ರುಚಿ ಅದ.

ಮಂಜಣ್ಣ: ಬರೇ ಚಪ್ಪಾಳಿ ಹಾಕಸಿದ್ರ ಹುಡುಗಿ ಬ್ಯಾಸತ್ತು ಬಿಡ್ತಾಳ. ಒಂದು ಧಾಟಿ ಆದ್ರೂ ಕೈಗೆ ಬರಲಿ. ‘ಎಂತ್ರೆ ದೋಸ್ ಆಗ್ವಾಸ್’ ರುಂಬಾ ಅನ್ನೋ ಬಗಿದು, ನಾಕೇ ಮಾತ್ರೆ.

ಗೀತಕ್ಕ: ಧಾಟಿ ಬೇಕು ಅನ್ನೋದು ಒಪ್ಪಿದೆ. ಆದ್ರ ಅದರ ತಾಳ ಸಲೀಸು, ಪಿಕಾದೊ (ಬೆರಳು ಬದಲಿಸಿ ಒಂದೊಂದೇ ಸ್ವರ ಮೀಟೂದು) ಸಲೀಸಲ್ಲ. ತೋರುಬೆರಳು, ನಡುಬೆರಳು ಅಷ್ಟು ಜೋರಾಗಿ ಓಡಬೇಕಂದ್ರ ಕೈ ಪಳಗಿರಬೇಕು. ಫ್ಲಮೆಂಕೊದಾಗಿನ ಟ್ಯಾಂಗೋಸ್ ಅನ್ನೋ ಬಗಿ ಹಿಡೀಲಿ, ಅದೂ ನಾಕೇ, ಹೆಬ್ಬೆರಳಿಂದ ನುಡಿಸೋ ಸಣ್ಣ ತುಣುಕು ಸಿಗ್ತಾವ. ಸೊಲೆಆ ದಿನಾ ಚಪ್ಪಾಳಿಯಾಗ ನಡೀಲಿ.

ಪಲ್ಲವಿ: ಅಕ್ಕಾ, ನಂದು ಸ್ಟೀಲ್ ತಂತಿ ಗಿಟಾರ್.

ಗೀತಕ್ಕ: ನೈಲಾನ್ ತಂತಿದು ಬೇಕವ್ವಾ. ಆ ಗಿಟಾರಿಗೇ ನೈಲಾನ್ ಹಾಕಬ್ಯಾಡ, ಅದರ ಬ್ರಿಜ್ ಬ್ಯಾರೆ. ಕ್ಲಾಸಿಕಲ್ ಗಿಟಾರ್ ಸಾಕು. ಬೆರಳಿಂದ ಹಲಗಿ ಬಡಿಯೋ ‘ಗೋಲ್ಪೆ’ ಬಂದಾಗ ಮಾತ್ರ ಮ್ಯಾಲ ಪ್ಲಾಸ್ಟಿಕ್ ಹಾಳಿ ಅಂಟಿಸಿರಬೇಕು, ಇಲ್ಲಾಂದ್ರ ಕಟ್ಟಿಗಿ ತರಚ್ತದ. ನಮ್ಮ ಬ್ಯಾಸಗಿಗೆ ಕೇಸಿನ್ಯಾಗ ಇಡು, ಕಟ್ಟಿಗಿ ಒಣಗಿ ಬಿರೀತದ.

ಮಂಜಣ್ಣ: ಆತು, ಪುಸ್ತಕದ ರೊಕ್ಕ ನಂದು. ಲಿಂಕ್ ಮಾತ್ರ ಅಳಸಂಗಿಲ್ಲ.

ಗೀತಕ್ಕ: ಅಳಸಬ್ಯಾಡ. ಸೊಲೆಆ ಕಂಪಾಸ್ ಬಿಡದಂಗ ನುಡಿಸಿ ವಾಯ್ಸ್ ನೋಟ್ ಹಾಕಲಿ, ಆಮ್ಯಾಲ ಅದರಾಗ ಯಾವುದು ತಗೀಬೇಕು ಅಂತ ನಾನೇ ಕುಂತು ಆರಿಸ್ತೀನಿ.