ಚಳ್ಳಕೆರೆ ಕಡೆ ಮರದ ಗಾಣ: ರೈತರಿಗೂ ಒಳ್ಳೇದಾಗಿ ವ್ಯಾಪಾರವೂ ನಡೆಯುತ್ತಾ?

ಪ್ರಶ್ನೆ: ಶೇಂಗಾ ರೈತರಿಗೆ ನ್ಯಾಯದ ಬೆಲೆ, ಗಿರಾಕಿಗೆ ಕಲಬೆರಕೆ ಇಲ್ಲದ ಎಣ್ಣೆ. ಈ ಉದ್ದೇಶಕ್ಕೇ ಗಾಣ ಹಾಕಬೇಕು ಅಂತಿದ್ದೇನೆ. ಎಣ್ಣೆ ಗಿರಣಿಗಳ ಊರಲ್ಲಿ ಲೆಕ್ಕ ಕೂಡುತ್ತಾ?

ಉತ್ತರ 1: ಕೂಡುತ್ತೆ ಸರ್, ಆದರೆ ರಿಫೈನ್ಡ್ ಎಣ್ಣೆ ದರದ ಜೊತೆ ಪೈಪೋಟಿಗೆ ಇಳಿಯಬೇಡಿ. 100 ಕಿಲೋ ಬೀಜಕ್ಕೆ ಸುಮಾರು 40 ಕಿಲೋ ಎಣ್ಣೆ, 55 ಕಿಲೋ ಹಿಂಡಿ ಹಿಡಿಯಿರಿ. ಬೀಜ ಕಿಲೋಗೆ 120, ಹಿಂಡಿ 40 ರೂಪಾಯಿ ಅಂದ್ಕೊಂಡರೆ, ಹಿಂಡಿ ಮಾರಿದ ದುಡ್ಡು ಕಳೆದ ಮೇಲೂ ಎಣ್ಣೆಯ ಅಸಲೇ ಕಿಲೋಗೆ 245. ಕರೆಂಟು, ಕೂಲಿ, ಬಾಟಲಿ ಬೇರೆ. ಒಂದು ಲೀಟರ್ ತೂಗೋದು ಸುಮಾರು 910 ಗ್ರಾಂ, ಕಿಲೋ ಲೆಕ್ಕಕ್ಕೆ ಲೀಟರ್ ಲೆಕ್ಕ ಬೆರೆಸಬೇಡಿ. ಈ ಲೆಕ್ಕವನ್ನೇ ಅಂಗಡಿ ಗೋಡೆ ಮೇಲೆ ಬರೆದು ಹಾಕಿ, ಗಿರಾಕಿ ನಂಬ್ತಾರೆ.

ಉತ್ತರ 2: ಬೆಲೆಗಿಂತ ಮೊದಲು ಬೂಸ್ಟು ನೋಡ್ಕೊಳ್ಳಿ. ಕೀಳೋ ಹೊತ್ತಿಗೆ ಮಳೆ ಬಂದು ಕಾಯಿ ಒಣಗದಿದ್ದರೆ ಬೂಸ್ಟು ಹಿಡಿದು ಅದರಿಂದ ಅಫ್ಲಾಟಾಕ್ಸಿನ್ ಅನ್ನೋ ವಿಷ ಹುಟ್ಟುತ್ತೆ. ಗಾಣದ ಎಣ್ಣೆ ರಿಫೈನ್ ಆಗಲ್ಲ, ಅದರಲ್ಲೂ ಸ್ವಲ್ಪ ಉಳಿಯುತ್ತೆ. ಹೆಚ್ಚಿನ ಪಾಲು ಹಿಂಡಿಗೆ, ಅಲ್ಲಿಂದ ಹಸುವಿನ ಹಾಲಿಗೆ. ತೇವ ಶೇ 8ರೊಳಗಿರಲಿ. ಕಾಯಿ ಅಲ್ಲಾಡಿಸಿದರೆ ಬೀಜ ಗಲಗಲ ಅನ್ನಬೇಕು. ಮುರುಟಿದ, ಕಪ್ಪಾದ, ಹಸಿರು ಬೂಸ್ಟು ಹಿಡಿದ ಬೀಜ ಕೈಯಲ್ಲೇ ಆರಿಸಿ ತೆಗೀರಿ, ದನಕ್ಕೂ ಹಾಕಬೇಡಿ. ಚೆನ್ನಾಗಿ ಒಣಗಿಸಿ ತಂದವರಿಗೆ ಕಿಲೋಗೆ ಎರಡು ರೂಪಾಯಿ ಜಾಸ್ತಿ ಕೊಡಿ.

ಉತ್ತರ 3: ತೂಕ ಆದ ದಿನವೇ ದುಡ್ಡು ಕೊಡಿ. ಅದಕ್ಕೆ ಬಂಡವಾಳ ಮೊದಲೇ ಎತ್ತಿಡಿ: ಕೊಳ್ಳೋದು ಸುಗ್ಗೀಲಿ, ಮಾರೋದು ವರ್ಷಪೂರ್ತಿ. ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ಪರವಾನಗಿ ಮರೀಬೇಡಿ.