ಹಸಿ ಅದಿರಾ, ಒಣ ಅದಿರಾ?

ಗುಂಪು: ಸಂಡೂರು ಹೈಸ್ಕೂಲ್ 1996

ಪಂಪಾಪತಿ: (ಪತ್ರಿಕೆ ತುಣುಕಿನ ಫೋಟೊ, ಹಲವು ಬಾರಿ ಫಾರ್ವರ್ಡ್ ಆಗಿದ್ದು)
ಓದ್ರಪ್ಪಾ. ರಫ್ತಿಗೆ ಹೊರಟ ಒಂದೇ ರಾಶಿ ಅದಿರು. ಕಬ್ಬಿಣ 57 ಪರ್ಸೆಂಟ್ ಅಂತ ಕಂಪನಿ ಲ್ಯಾಬ್, 60 ಅಂತ ಕಸ್ಟಮ್ಸ್ ಲ್ಯಾಬ್. ಮಾಲು ಬಂದರಿನಲ್ಲಿ ಸಿಕ್ಕಿಕೊಂಡಿದೆ, ಇಲ್ಲಿ ನಮ್ಮ ಲಾರಿಗಳು ಸಾಲಾಗಿ ನಿಂತಿವೆ. ಇದು ಸುಮ್ನೆ ಕಿರುಕುಳ ಅಲ್ವಾ?

ಎರ್ರಿಸ್ವಾಮಿ: ಕಿರುಕುಳವಂತೆ! 2010ರಲ್ಲಿ ರಾಜ್ಯ ಸರ್ಕಾರ ರಫ್ತು ನಿಲ್ಲಿಸಿತು. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಗಣಿಗಳನ್ನೇ ಬಂದ್ ಮಾಡಿಸಿತು. ಯಾಕೆ ಅಂತ ನಿನಗೆ ಹೇಳಬೇಕಾ? 2022ರಲ್ಲಿ ಮತ್ತೆ ರಫ್ತಿಗೆ ಬಿಟ್ಟರು, ಶುರುವಾಯ್ತು ನೋಡು.

ಪಂಪಾಪತಿ: ಲೇ, 3 ಪರ್ಸೆಂಟಿಗೆ ಇಷ್ಟು ರಾದ್ಧಾಂತವಾ?

ಖಾದರ್: 3 ಮುಖ್ಯ ಅಲ್ಲ ಪಂಪಾ, 58 ಮುಖ್ಯ. ಅದರ ಕೆಳಗಿದ್ದರೆ ರಫ್ತು ಸುಂಕ ಸೊನ್ನೆ, ಮುಟ್ಟಿದರೆ 30 ಪರ್ಸೆಂಟ್. 2022ರ ಮೇ ತಿಂಗಳಲ್ಲಿ ಎಲ್ಲಕ್ಕೂ 50 ಮಾಡಿದ್ದರು, ನವೆಂಬರಿನಲ್ಲಿ ಮತ್ತೆ ಹಳೇ ದರಕ್ಕೆ ತಂದರು.

ಎರ್ರಿಸ್ವಾಮಿ: ಸರಿಯಾಗಿ 58ರ ಕೆಳಗೇ ಬಂತಲ್ಲ ಕಂಪನಿ ರಿಪೋರ್ಟು. ಎಂಥ ಅದೃಷ್ಟ!

ಪಂಪಾಪತಿ: ನಾಗವೇಣಿ, ಲ್ಯಾಬಿನವಳು ನೀನು. ಯಾಕೆ ಸುಮ್ಮನಿದ್ದೀಯ?

ನಾಗವೇಣಿ: ಡ್ಯೂಟಿಯಲ್ಲಿದ್ದೆ. ನೋಡಿ, ಲ್ಯಾಬಿನಲ್ಲಿ ನಾವು ನೋಡುವುದು ಅರ್ಧ ಗ್ರಾಂ ಪುಡಿ. ಆಸಿಡ್‌ನಲ್ಲಿ ಕರಗಿಸಿ, ಕಬ್ಬಿಣ ಅಳೆಯುವ ಡೈಕ್ರೋಮೇಟ್ ದ್ರಾವಣವನ್ನು ಹನಿ ಹನಿಯಾಗಿ ಬಿಡುತ್ತೇವೆ, ನೇರಳೆ ಬಣ್ಣ ಬಂದಾಗ ನಿಲ್ಲಿಸುತ್ತೇವೆ. ಒಂದು ಹನಿ ಜಾಸ್ತಿ ಬಿದ್ದರೆ 0.05 ಅಷ್ಟು ಹೆಚ್ಚು ಕಮ್ಮಿ ಆಗಬಹುದು. 3 ಆಗಲ್ಲ.
ತಪ್ಪು ಆಗುವುದು ರಾಶಿಯ ಹತ್ತಿರ. ಟಿಪ್ಪರ್ ಸುರಿದಾಗ ಗಟ್ಟಿ ಅದಿರು ಉರುಳಿ ಅಂಚಿಗೆ ಬರುತ್ತದೆ, ಪುಡಿ ನಡುವೆ ಉಳಿಯುತ್ತದೆ. ಅಂಚಿನಲ್ಲೇ ಕೆದರಿ ಚೀಲ ತುಂಬಿದರೆ ಅದು ರಾಶಿಯ ಸ್ಯಾಂಪಲ್ ಅಲ್ಲ.
ಆದರೆ ಈ ಕೇಸಿನಲ್ಲಿ ಇಬ್ಬರೂ ಸರಿ ಇರಬಹುದು. ಸ್ಯಾಂಪಲನ್ನು 105 ಡಿಗ್ರಿಯಲ್ಲಿ ಒಣಗಿಸಿ ನೋಡಿದಾಗ 60 ಬಂದಿದೆ ಅಂದುಕೊಳ್ಳಿ. ರಾಶಿಯಲ್ಲಿ 5 ಪರ್ಸೆಂಟ್ ತೇವ ಇದ್ದರೆ ಹಸಿ ಲೆಕ್ಕದಲ್ಲಿ, ಅಂದರೆ ನೀರಿನ ತೂಕವನ್ನೂ ಸೇರಿಸಿದರೆ, ಅದೇ ಅದಿರು 57.

ಖಾದರ್: ಹೌದು! ಸುಂಕಕ್ಕೆ ಹಸಿ ಲೆಕ್ಕವನ್ನೇ ಹಿಡಿಯಬೇಕು ಅಂತ 2012ರ ಕಸ್ಟಮ್ಸ್ ಸುತ್ತೋಲೆಯೇ ಇದೆ. ಸುಪ್ರೀಂ ಕೋರ್ಟ್ ಹೇಳಿದ್ದೂ ಅದೇ.

ಪಂಪಾಪತಿ: ಕೇಳಿದೆಯಾ ಎರ್ರಿ? 😄 ಕಂಪನಿಯದ್ದೇ ಸರಿ.

ಎರ್ರಿಸ್ವಾಮಿ: ತಡಿ ತಡಿ. ಹಾಗಾದರೆ ರಾಶಿಗೆ ಎರಡು ಟ್ಯಾಂಕರ್ ನೀರು ಜಾಸ್ತಿ ಹೊಡೆದರೆ ಸುಂಕವೇ ಇಲ್ಲ! ಧೂಳಿಗೆ ಅಂತ ಹೇಗಿದ್ದರೂ ಹೊಡೀತಾರಲ್ಲ. ನಮ್ಮೂರ ರಸ್ತೆಗೆ ಮಾತ್ರ ಆ ನೀರು ಬರಲ್ಲ.

ಪಂಪಾಪತಿ: ನೀರಿನ ತೂಕಕ್ಕೂ ಲಾರಿ ಬಾಡಿಗೆ ಕೊಡಬೇಕು. ಯಾವ ಹುಚ್ಚ ಹೊಡೀತಾನೆ?

ಖಾದರ್: 30 ಪರ್ಸೆಂಟ್ ಉಳಿಯುವುದಾದರೆ ನಿನ್ನ ಬಾಡಿಗೆ ಯಾವ ಲೆಕ್ಕ ಮಾರಾಯ.

ನಾಗವೇಣಿ: ಬೇಕಾದಷ್ಟು ಹೊಡೆಯಲೂ ಆಗಲ್ಲ. ತೇವ ಜಾಸ್ತಿಯಾದರೆ ಹಡಗು ಅಲುಗಾಡುವಾಗ ಪುಡಿ ಅದಿರು ಕೆಸರಾಗಿ ಒಂದು ಕಡೆ ವಾಲುತ್ತದೆ. 2009ರಲ್ಲಿ ಮಂಗಳೂರು ಹತ್ತಿರ ಒಂದು, ಪಾರಾದೀಪ್ ಹತ್ತಿರ ಒಂದು ಅದಿರಿನ ಹಡಗು ಮುಳುಗಿದವು. ಅದಕ್ಕೇ ಲೋಡ್ ಮಾಡುವ ಮೊದಲು ತೇವ ಎಷ್ಟಿದೆ ಅಂತ ಕ್ಯಾಪ್ಟನ್‌ಗೆ ಬರೆದು ಕೊಡಬೇಕು.

ಎರ್ರಿಸ್ವಾಮಿ: ಅಂದ್ರೆ ಕಸ್ಟಮ್ಸ್‌ಗೆ ಒಂದು ತೇವ, ಕ್ಯಾಪ್ಟನ್‌ಗೆ ಇನ್ನೊಂದು ತೇವ ಹೇಳಿದ್ದರೆ ಸಿಕ್ಕಿಬೀಳ್ತಾರೆ.

ನಾಗವೇಣಿ: ಎರಡು ಕಾಗದ ಪಕ್ಕಪಕ್ಕ ಇಟ್ಟರೆ ಐದು ನಿಮಿಷದ ಕೆಲಸ. ಆದರೆ ಸ್ಯಾಂಪಲ್ ತೆಗೆದ ಕೂಡಲೇ ಗಾಳಿ ಆಡದ ಡಬ್ಬಿಗೆ ಹಾಕಿರಬೇಕು. ಬಟ್ಟೆ ಚೀಲದಲ್ಲಿ ಬಿಸಿಲಿಗೆ ಇಟ್ಟಿದ್ದರೆ ಕಸ್ಟಮ್ಸ್‌ನವರು ಅಳೆದ ತೇವಕ್ಕೆ ಬೆಲೆ ಇಲ್ಲ. ಪಂಪಾ, ಕಸ್ಟಮ್ಸ್‌ನ 60 ಒಣದ್ದಾ, ಹಸಿದ್ದಾ? ತುಣುಕಿನಲ್ಲಿ ಇರಬೇಕು.

ಪಂಪಾಪತಿ: ನನಗೆ ಬಂದಿದ್ದೇ ಇಷ್ಟು. ಕೆಳಗಿನ ಅರ್ಧ ಕಟ್ ಆಗಿದೆ.

ಎರ್ರಿಸ್ವಾಮಿ: ಕಳಿಸಿದವರು ಯಾರು?

ಪಂಪಾಪತಿ: ಲಾರಿ ಮಾಲೀಕರ ಗ್ರೂಪಿನಲ್ಲಿ ಬಂತು. ಕೇಳ್ತೀನಿ ತಡಿ.