ಮೆಡಿಕಲ್ ವಿದ್ಯಾರ್ಥಿಗಳಿಗೆ ನಾಯಕತ್ವ ಕಲಿಸಿದವರು ಅನುಭವ ಹಂಚಿಕೊಳ್ಳಿ

ಪ್ರಶ್ನೆ:
ಮೂರನೇ ವರ್ಷದವರಿಗೆ ನಾಯಕತ್ವದ ಪಾಠ ನನ್ನ ಪಾಲಿಗೆ ಬಂದಿದೆ. ಎರಡು ಲೆಕ್ಚರ್ ಕೊಟ್ಟೆ. ಬರೆದುಕೊಂಡರು, ಅಷ್ಟೇ. ವಾರ್ಡಿಗೆ ಹೋದರೆ ಮತ್ತೆ ಗೋಡೆಗೆ ಒರಗಿ ನಿಲ್ಲುತ್ತಾರೆ. ನೀವೆಲ್ಲ ಹೇಗೆ ಕಲಿಸಿದಿರಿ?

ಅನಸ್ತೇಶಿಯಾ ಶಿಕ್ಷಕಿ:
ಲೆಕ್ಚರ್ ಬಿಟ್ಟುಬಿಡಿ ಸರ್. ನಾನು ಗೊಂಬೆಯ ಮೇಲೆ ಸಿಪಿಆರ್ (ಹೃದಯ ನಿಂತಾಗ ಎದೆ ಒತ್ತುವ ತುರ್ತು ಚಿಕಿತ್ಸೆ) ಮಾಡಿಸುವಾಗಲೇ ಇದನ್ನೂ ಕಲಿಸುತ್ತೇನೆ. ಐದು ಜನರ ತಂಡ, ಅದರಲ್ಲಿ ಒಬ್ಬರು ಲೀಡರ್. ಲೀಡರ್ ಆದವರು ಎದೆ ಒತ್ತುವ ಹಾಗಿಲ್ಲ. ಮಂಚದ ಕಾಲ ಬಳಿ ನಿಂತು ಎಲ್ಲರನ್ನೂ ನೋಡಬೇಕು, ಎರಡು ನಿಮಿಷಕ್ಕೊಮ್ಮೆ ಒತ್ತುವವರನ್ನು ಬದಲಿಸಬೇಕು. ಸುಮ್ನೆ ನಿಲ್ಲುವುದೇ ಅವರಿಗೆ ಜಾಸ್ತಿ ಕಷ್ಟ. ‘ಯಾರಾದರೂ ಅಡ್ರಿನಲಿನ್ ಕೊಡಿ’ ಅಂದರೆ ಆ ಔಷಧಿಯನ್ನು ಯಾರೂ ಕೊಡುವುದಿಲ್ಲ. ಹೆಸರು ಹಿಡಿದು ‘1 ಮಿಲಿಗ್ರಾಂ ಕೊಡಿ’ ಅನ್ನಬೇಕು. ಕೇಳಿಸಿಕೊಂಡವರು ಅದನ್ನೇ ತಿರುಗಿ ಹೇಳಬೇಕು, ಕೊಟ್ಟ ಮೇಲೆ ‘ಕೊಟ್ಟಾಯಿತು’ ಅನ್ನಬೇಕು.

ಮುಗಿದ ತಕ್ಷಣ ಹತ್ತು ನಿಮಿಷ ಕೂತು ಮಾತಾಡುತ್ತೇವೆ. ನನ್ನ ಮಾತು ಕೊನೆಗೆ. ನಾನು ಮೊದಲು ಬಾಯಿ ತೆರೆದರೆ ಅವರ ಬಾಯಿ ಮುಚ್ಚುತ್ತದೆ, ಅಲ್ವಾ?

ಒಮ್ಮೆ ಬೇಕಂತಲೇ ‘10 ಮಿಲಿಗ್ರಾಂ ಕೊಡಿ’ ಅಂದೆ. ಒಬ್ಬರೂ ತಡೆಯಲಿಲ್ಲ. ಆಮೇಲೆ ಕೇಳಿದರೆ ಮೂವರಿಗೆ ತಪ್ಪು ಅಂತ ಗೊತ್ತಿತ್ತು. ಅವತ್ತು ನನಗೆ ನಿಜಕ್ಕೂ ಭಯವಾಯಿತು. ಈಗ ಹಿರಿಯರನ್ನು ತಡೆಯುವುದನ್ನೂ ಅಭ್ಯಾಸ ಮಾಡಿಸುತ್ತೇನೆ.

ಸರ್ಜರಿ ಶಿಕ್ಷಕ:
ಆಪರೇಷನ್ ಥಿಯೇಟರಿನಲ್ಲಿ ಚೆಕ್‌ಲಿಸ್ಟ್ ಓದುವ ಕೆಲಸ ವಿದ್ಯಾರ್ಥಿಗೇ ಕೊಡಿ. ಶಸ್ತ್ರಚಿಕಿತ್ಸೆಯ ಸುರಕ್ಷತೆಗೆ ವಿಶ್ವ ಆರೋಗ್ಯ ಸಂಸ್ಥೆಯ 19 ಅಂಶಗಳ ಪಟ್ಟಿ ಇದೆಯಲ್ಲ, ಅದೇ. ಎಂಟು ನಗರಗಳ ಎಂಟು ಆಸ್ಪತ್ರೆಗಳಲ್ಲಿ ಅದನ್ನು ಬಳಸಿ ನೋಡಿದಾಗ ಶಸ್ತ್ರಚಿಕಿತ್ಸೆಯಾದ ರೋಗಿಗಳ ಸಾವು ಶೇ 1.5ರಿಂದ ಶೇ 0.8ಕ್ಕೆ ಇಳಿದಿತ್ತು. 2009ರಲ್ಲಿ ಬಂದ ಅಧ್ಯಯನ ಅದು. ಕೊಯ್ಯುವ ಮೊದಲು ಎಲ್ಲರೂ ತಮ್ಮ ಹೆಸರು, ಕೆಲಸ ಹೇಳುವುದೂ ಆ ಪಟ್ಟಿಯಲ್ಲಿದೆ. ಒಮ್ಮೆ ಹೆಸರು ಹೇಳಿದ ಹುಡುಗ ಆಮೇಲೆ ‘ಸರ್, ಒಂದು ನಿಮಿಷ’ ಅನ್ನಲು ಅಷ್ಟು ಹೆದರುವುದಿಲ್ಲ. ನಾನೇ ನೋಡಿದ್ದೇನೆ.

ವಾರ್ಡ್ ಸಿಸ್ಟರ್:
ಒಂದು ಪಾಳಿ ನಮ್ಮ ಜೊತೆ ಬಿಡಿ ಸರ್. ಯಾರ ಕೆಲಸ ಯಾರ ಮೇಲೆ ನಿಂತಿದೆ ಅಂತ ಗೊತ್ತಾಗುತ್ತದೆ.

ಪ್ರಶ್ನೆ ಕೇಳಿದವರು:
ಮೇಡಂ, 10 ಮಿಲಿಗ್ರಾಂ ವಿಷಯ ಮೊದಲೇ ಹೇಳಿರುತ್ತೀರಾ?

ಅನಸ್ತೇಶಿಯಾ ಶಿಕ್ಷಕಿ:
ನಾನು ತಪ್ಪು ಹೇಳುವ ದಿನ ಬರುತ್ತದೆ ಅಂತ ಶುರುವಿನಲ್ಲೇ ಹೇಳಿರುತ್ತೇನೆ. ಯಾವ ದಿನ ಅಂತ ಹೇಳುವುದಿಲ್ಲ. ತಡೆಯದವರನ್ನು ಎಲ್ಲರೆದುರು ಬೈಯಬೇಡಿ ಸರ್. ಅವರಿಗೆ ಮರುದಿನ ಇನ್ನೊಂದು ಸರದಿ ಕೊಡಿ.